ಮಗು ಯಾರ ಬಳಿ ಇರಬೇಕು? ಮುಂಬೈಯಲ್ಲಿ ಸುಪರ್ದಿ ತೀರ್ಮಾನವಾಗುವ ಬಗೆ

ತಂದೆ ತಾಯಿ ಬೇರೆಯಾದಾಗ ಮಗುವಿನ ವಿಚಾರದಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಮಗು ದಿನನಿತ್ಯ ಯಾರ ಮನೆಯಲ್ಲಿ ಬೆಳೆಯಬೇಕು ಎಂಬುದು ಸುಪರ್ದಿ, ಅಂದರೆ ಕಸ್ಟಡಿಯ ಪ್ರಶ್ನೆ. ಮಗುವಿನ ಪರವಾಗಿ ಸಹಿ ಹಾಕುವವರು, ಅದರ ಆಸ್ತಿ ನೋಡಿಕೊಳ್ಳುವವರು ಯಾರು ಎಂಬುದು ಪಾಲಕತ್ವದ ಪ್ರಶ್ನೆ. ತಾಯಿಗೆ ಸುಪರ್ದಿ ಸಿಕ್ಕಿತೆಂದು ತಂದೆಯ ಪಾಲಕತ್ವ ತಾನಾಗಿ ಹೋಗುವುದಿಲ್ಲ.

ಅರ್ಜಿ ಎಲ್ಲಿ?

ಮುಂಬೈ ನಗರ ಮತ್ತು ಉಪನಗರಗಳವರು ಇಂಥ ವ್ಯಾಜ್ಯಕ್ಕೆ ಸಾಮಾನ್ಯವಾಗಿ ಹೋಗುವುದು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿರುವ ಕುಟುಂಬ ನ್ಯಾಯಾಲಯಕ್ಕೆ. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯಂತೆ ನಡೆಯುವ ಈ ಕೋರ್ಟು ಮೊದಲು ರಾಜಿಗೆ ಯತ್ನಿಸಬೇಕು. ಆ ಕೆಲಸಕ್ಕೆ ಆಪ್ತ ಸಮಾಲೋಚಕರಿದ್ದಾರೆ. ಇಬ್ಬರೂ ಒಪ್ಪಿದರೆ ‘ಕನ್ಸೆಂಟ್ ಟರ್ಮ್ಸ್’ ಬರೆದುಕೊಡುತ್ತಾರೆ. ನ್ಯಾಯಾಧೀಶರು ಅದನ್ನು ಪರಿಶೀಲಿಸಿ ಆದೇಶವಾಗಿಸುತ್ತಾರೆ.

ಮುಂಬೈಯ ಕನ್ನಡ, ತುಳು ಮನೆಗಳಲ್ಲಿ ಜಗಳವಾದಾಗ ತಾಯಿ ಮಗುವನ್ನು ಕರೆದುಕೊಂಡು ಉಡುಪಿ, ಮಂಗಳೂರು ಕಡೆಯ ತವರಿಗೆ ಹೋಗುವುದುಂಟು. ಆಗ ಅರ್ಜಿ ಬಾಂದ್ರಾದಲ್ಲೋ ಊರಿನಲ್ಲೋ? 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯ 9ನೇ ಕಲಮಿನ ಪ್ರಕಾರ, ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ನ್ಯಾಯಾಲಯಕ್ಕೆ ಅಧಿಕಾರ. ರಜೆಗೆ ಹೋಗಿ ನಿಂತದ್ದು ವಾಸವಾಗುವುದಿಲ್ಲ. ಶಾಲೆ, ಮನೆ, ಅಲ್ಲಿದ್ದ ಅವಧಿ ಎಲ್ಲವನ್ನೂ ಕೋರ್ಟು ನೋಡುತ್ತದೆ.

ಯಾವ ಕಾನೂನು?

ಹಿಂದೂಗಳಿಗೆ 1956ರ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯಿದೆ. ಐದು ವರ್ಷ ತುಂಬದ ಮಗುವಿನ ಸುಪರ್ದಿ ಸಾಮಾನ್ಯವಾಗಿ ತಾಯಿಗೆ ಎನ್ನುತ್ತದೆ ಅದರ 6ನೇ ಕಲಮು. ಎಲ್ಲಕ್ಕಿಂತ ಮಗುವಿನ ಹಿತವೇ ಮುಖ್ಯ ಎನ್ನುತ್ತದೆ 13ನೇ ಕಲಮು. ಹನಫಿ ಮುಸ್ಲಿಂ ಕಾನೂನಿನಲ್ಲಿ ಗಂಡುಮಗು ಏಳು ವರ್ಷದವರೆಗೆ, ಹೆಣ್ಣುಮಗು ಮೈನೆರೆಯುವವರೆಗೆ ತಾಯಿಯ ಬಳಿ. ಕ್ರೈಸ್ತರು, ಪಾರ್ಸಿಗಳ ವಿಚ್ಛೇದನ ಕಾನೂನುಗಳಲ್ಲೂ ಮಕ್ಕಳ ಬಗ್ಗೆ ಕಲಮುಗಳಿವೆ. ಧರ್ಮ ಯಾವುದಾದರೂ ಕೊನೆಯ ಅಳತೆಗೋಲು ಮಗುವಿನ ಹಿತವೇ.

ಬಂಟರು ಮೊದಲಾದವರ ಅಳಿಯಸಂತಾನದಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಆದರೆ ಸುಪರ್ದಿ ವ್ಯಾಜ್ಯದಲ್ಲಿ ಆ ವಾದ ನಿಲ್ಲದು; 1956ರ ಕಾಯ್ದೆ ರೂಢಿಗಿಂತ ಮೇಲು.

ಪಾಲಕತ್ವದಲ್ಲಿ ಅದೇ ಕಾಯ್ದೆ ತಂದೆಯನ್ನು ಮೊದಲು, ‘ಅವನ ನಂತರ’ ತಾಯಿಯನ್ನು ಹೆಸರಿಸುತ್ತದೆ. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ಹೋದಾಗ ರಿಸರ್ವ್ ಬ್ಯಾಂಕು ತಂದೆಯ ಸಹಿ ಕೇಳಿತು. ತಂದೆ ಬದುಕಿದ್ದರೂ ಮಗುವಿನ ಹೊಣೆ ಹೊರದಿದ್ದರೆ ತಾಯಿಯೇ ಪಾಲಕಿಯಾಗಬಹುದು ಎಂದು ಅವರ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು 6ನೇ ಕಲಮನ್ನು ಅರ್ಥೈಸಿತು.

ತಂದೆ ತಾಯಿ ಮದುವೆಯಾಗಿರದಿದ್ದರೆ

ಇಲ್ಲಿ ಕ್ರಮ ತಿರುಗುಮುರುಗು: ಹಿಂದೂ ಕಾನೂನಿನಲ್ಲಿ ತಾಯಿ ಮೊದಲ ಪಾಲಕಿ, ಅವಳ ನಂತರ ತಂದೆ. ತಂದೆಯ ಹೆಸರು ಹೇಳದೆ, ಅವನಿಗೆ ನೋಟಿಸು ಕೊಡದೆ ಅವಿವಾಹಿತ ತಾಯಿ ಪಾಲಕತ್ವ ಕೋರಬಹುದು ಎಂದು ದೆಹಲಿಯ ಕ್ರೈಸ್ತ ಮಹಿಳೆಯೊಬ್ಬರ ಪ್ರಕರಣದಲ್ಲಿ 2015ರ ಜುಲೈ 6ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಹಾಗೆಂದು ತಂದೆಗೆ ಬಾಗಿಲು ಮುಚ್ಚಿಲ್ಲ. ಮಗುವಿನ ಹಿತ ತೋರಿಸಿ ಅವನೂ ಅರ್ಜಿ ಹಾಕಬಹುದು. ಮದುವೆಯಂತೆಯೇ ಸಂಸಾರ ಮಾಡಿದ ಹೆಣ್ಣು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ತಾತ್ಕಾಲಿಕ ಸುಪರ್ದಿಯನ್ನೂ ಕೇಳಬಹುದು.

ನ್ಯಾಯಾಧೀಶರು ನೋಡುವುದೇನು?

ಇಷ್ಟು ದಿನ ಮಗುವಿಗೆ ಊಟ, ಔಷಧಿ, ಪಾಠ ನೋಡಿಕೊಂಡವರು ಯಾರು? ಕೆಲಸದಿಂದ ಬರುವುದು ಎಷ್ಟು ಹೊತ್ತಿಗೆ? ಆ ತನಕ ಮನೆಯಲ್ಲಿ ಅಜ್ಜಿಯಿದ್ದಾರೆಯೇ? ಶಾಲೆ ಬದಲಾಗುತ್ತದೆಯೇ? ಅಣ್ಣತಂಗಿಯರು ಅಗಲಬೇಕಾಗುತ್ತದೆಯೇ? ಹೊಡೆತ, ಕುಡಿತದ ಇತಿಹಾಸವಿದೆಯೇ? ಸಂಬಳ ಹೆಚ್ಚಿದೆ ಎಂಬಷ್ಟರಿಂದಲೇ ಯಾರೂ ಗೆಲ್ಲುವುದಿಲ್ಲ. ಕಡಿಮೆಯಿದ್ದರೆ ಇನ್ನೊಬ್ಬರಿಂದ ಖರ್ಚು ಕೊಡಿಸಬಹುದು. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ನ್ಯಾಯಾಧೀಶರು ಚೇಂಬರಿನಲ್ಲಿ ಪ್ರತ್ಯೇಕವಾಗಿ ಕೇಳುತ್ತಾರೆ. ಆ ಮಾತು ಯಾರೋ ಕಲಿಸಿಕೊಟ್ಟದ್ದೇ ಎಂದೂ ತೂಗುತ್ತಾರೆ.

ಭೇಟಿಯ ವ್ಯವಸ್ಥೆ

ಸುಪರ್ದಿ ಸಿಗದವರಿಗೆ ಭೇಟಿಯ ಅವಕಾಶವಿರುತ್ತದೆ. ಆರಂಭದಲ್ಲಿ, ಅಥವಾ ನಂಬಿಕೆ ಪೂರಾ ಮುರಿದಾಗ, ಬಾಂದ್ರಾ ಕೋರ್ಟಿನ ಮಕ್ಕಳ ಕೊಠಡಿಯಲ್ಲೇ ಭೇಟಿ ನಡೆಯುತ್ತದೆ. ಮುಂದೆ ವಾರಾಂತ್ಯ, ದೀಪಾವಳಿ ಮತ್ತು ಮೇ ರಜೆಯ ಅರ್ಧಭಾಗ, ವಿಡಿಯೋ ಕರೆ ಸೇರಿಕೊಳ್ಳುತ್ತವೆ. ತಾಯಿ ಮುಲುಂಡ್‌ನಲ್ಲಿ, ತಂದೆ ಬೋರಿವಲಿಯಲ್ಲಿದ್ದರೆ ಮಗುವನ್ನು ಎಲ್ಲಿ, ಎಷ್ಟು ಗಂಟೆಗೆ ಒಪ್ಪಿಸಬೇಕು ಎಂಬುದನ್ನೂ ಬರೆಸಿಕೊಳ್ಳುವುದು ಒಳ್ಳೆಯದು. ಅಸ್ಪಷ್ಟ ಆದೇಶದಿಂದ ಪ್ರತಿ ಶನಿವಾರವೂ ಹೊಸ ಜಗಳ ಹುಟ್ಟುತ್ತದೆ.

ಜಂಟಿ ಸುಪರ್ದಿಗೆ ಪ್ರತ್ಯೇಕ ಕಲಮಿಲ್ಲ. ಆದರೂ 2013ರಲ್ಲಿ ಕರ್ನಾಟಕ ಹೈಕೋರ್ಟು ಒಬ್ಬ ಬಾಲಕನನ್ನು ಜನವರಿಯಿಂದ ಜೂನ್‌ವರೆಗೆ ತಂದೆಯ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಇರಿಸಿತು. 2015ರಲ್ಲಿ ಕಾನೂನು ಆಯೋಗದ 257ನೇ ವರದಿಯೂ ಜಂಟಿ ಸುಪರ್ದಿಗೆ ಶಿಫಾರಸು ಮಾಡಿತು.

ಆದೇಶ ಬದಲಾಗಬಹುದೇ?

ಬದಲಾಗಬಹುದು. ಮಗು ಬೆಳೆದಂತೆ ಅಗತ್ಯ ಬದಲಾಗುವುದರಿಂದ ಸುಪರ್ದಿ ಆದೇಶ ಎಂದೂ ಕೊನೆಯ ಮಾತಲ್ಲ. ತಾಯಿಗೆ ಬೇರೆ ಊರಿಗೆ ವರ್ಗವಾದರೆ, ತಂದೆ ಭೇಟಿಗೆ ಬಾರದೆ ಹೋದರೆ, ಅದೇ ಕೋರ್ಟಿನಲ್ಲಿ ತಿದ್ದುಪಡಿ ಕೇಳಬಹುದು. ಕುಟುಂಬ ನ್ಯಾಯಾಲಯದ ಅಂತಿಮ ತೀರ್ಪಿನ ಮೇಲೆ ಬಾಂಬೆ ಹೈಕೋರ್ಟಿಗೆ ಮೇಲ್ಮನವಿಯಿದೆ. ಆದೇಶಕ್ಕೆ ಕಾಯದೆ ಶಾಲೆಯ ಗೇಟಿನಿಂದಲೇ ಮಗುವನ್ನು ಎತ್ತಿಕೊಂಡು ಹೋದವರು, ಒಳ್ಳೆಯ ಕಾರಣವಿದ್ದರೂ, ತಮ್ಮ ಪಕ್ಷವನ್ನು ತಾವೇ ದುರ್ಬಲ ಮಾಡಿಕೊಳ್ಳುತ್ತಾರೆ.