ಯಾವ ಗ್ರಂಥದಲ್ಲಿ ಕಂಡಿರಿ?

ಪ್ರತಿ ಶುಕ್ರವಾರ ಮಿಂಬರಿನಿಂದ ಹದೀಸ್ ಕೇಳುವಾಗ ಅದರ ಜೊತೆಗೆ ಬರುವ ಒಂದು ಚಿಕ್ಕ ಮಾತನ್ನೂ ನಾವು ಕೇಳುತ್ತೇವೆ. ಇದನ್ನು ಬುಖಾರಿ ವರದಿ ಮಾಡಿದ್ದಾರೆ, ಇದು ಮುಸ್ಲಿಮ್‌ನಲ್ಲಿದೆ, ಇದು ತಿರ್ಮಿದಿಯಲ್ಲಿದೆ ಎಂದು ಖತೀಬರು ಹೇಳುತ್ತಾರೆ. ಕೇಳಿ ಕೇಳಿ ರೂಢಿಯಾಗಿರುವುದರಿಂದ ಆ ಮಾತಿನ ತೂಕ ನಮಗೆ ತಿಳಿಯುವುದಿಲ್ಲ. ಈ ಮಾತು ನನ್ನದಲ್ಲ, ಇಂಥವರಿಂದ ನನಗೆ ಬಂದಿದೆ, ಸಂಶಯವಿದ್ದರೆ ಹೋಗಿ ನೋಡಿ ಎಂಬುದು ಅದರ ಅರ್ಥ. ವಿಶ್ವವಿದ್ಯಾಲಯಗಳಲ್ಲಿ ಸಂಶೋಧನಾ ವಿದ್ಯಾರ್ಥಿಗೆ ಕಲಿಸುವ ಆಕರ ಸೂಚನೆಯೂ ಇದೇ ಆಗಿದೆ.

ನಮ್ಮ ಮನೆಗಳಿಂದ ಈಗ ಬಹಳಷ್ಟು ಮಕ್ಕಳು ಸ್ನಾತಕೋತ್ತರ ಪದವಿಗೆ, ಪಿಎಚ್.ಡಿ.ಗೆ ಹೋಗುತ್ತಿದ್ದಾರೆ. ಅನೇಕ ಕುಟುಂಬಗಳಲ್ಲಿ ಅವರೇ ಈ ದಾರಿ ಹಿಡಿದ ಮೊದಲಿಗರು. ಪ್ರಬಂಧ ಬರೆಯುವುದು, ಲೇಖನ ಪ್ರಕಟಿಸುವುದು ಅವರಿಗೆ ಹೊಸದು. ಅದರ ನಿಯಮಗಳು ಎಲ್ಲಿಂದಲೋ ಬಂದ ಪರಕೀಯ ಕಟ್ಟಳೆಗಳಂತೆ ಕಾಣುತ್ತವೆ. ಆದರೆ ಈ ನಿಯಮಗಳಲ್ಲಿ ಹೆಚ್ಚಿನವು ನಮ್ಮ ವಿದ್ವಾಂಸರ ಇತಿಹಾಸದಲ್ಲಿ ಬಹಳ ಹಿಂದೆಯೇ ಕಾಣಸಿಗುತ್ತವೆ. ಆ ಇತಿಹಾಸದ ಕೆಲವು ಪುಟಗಳನ್ನು ಇಲ್ಲಿ ತೆರೆಯೋಣ.

ಪ್ರವಾದಿವರ್ಯರ(ಸ) ಸಂಗಾತಿ ಜಾಬಿರ್ ಬಿನ್ ಅಬ್ದುಲ್ಲಾ(ರ) ಅವರಿಗೆ ಒಂದು ಹದೀಸ್ ಬೇರೊಬ್ಬರ ಮೂಲಕ ತಲುಪಿತ್ತು. ಅದನ್ನು ಪ್ರವಾದಿಯವರಿಂದ(ಸ) ನೇರವಾಗಿ ಕೇಳಿದ್ದವರು ಅಬ್ದುಲ್ಲಾ ಬಿನ್ ಉನೈಸ್(ರ). ಅವರು ಆಗ ಸಿರಿಯಾ ಪ್ರಾಂತ್ಯದಲ್ಲಿದ್ದರು. ಜಾಬಿರ್(ರ) ಒಂದು ಒಂಟೆ ಕೊಂಡು ಒಂದು ತಿಂಗಳ ದಾರಿ ಸವೆಸಿ ಅವರ ಬಾಗಿಲಿಗೆ ಹೋದರು. ಆ ಒಂದು ಹದೀಸನ್ನು ಅವರ ಬಾಯಿಂದಲೇ ಕೇಳಿದರು. ತಮಗೆ ತಲುಪಿದ ಮಾತು ಸುಳ್ಳು ಎಂಬ ಗುಮಾನಿ ಅವರಿಗಿರಲಿಲ್ಲ. ಆದರೂ ಮೂಲ ಇರುವಲ್ಲಿಗೆ ಹೋಗಲು ಸಾಧ್ಯವಿರುವಾಗ ನಡುವಿನವರ ಮಾತಿನಲ್ಲಿ ನಿಂತುಬಿಡಲು ಅವರ ಮನಸ್ಸು ಒಪ್ಪಲಿಲ್ಲ.

ಮುಂದಿನ ತಲೆಮಾರುಗಳಲ್ಲಿ ಆಂತರಿಕ ಕಲಹಗಳು ಹುಟ್ಟಿಕೊಂಡವು. ಪಕ್ಷಗಳಾದವು, ಪಕ್ಷಕ್ಕೊಪ್ಪುವ ಮಾತುಗಳೂ ಸೃಷ್ಟಿಯಾದವು. ಆಗ ವಿದ್ವಾಂಸರು ಹದೀಸ್ ಹೇಳಿದವನನ್ನು ತಡೆದು, ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದರು ಎಂದು ವಿಚಾರಿಸತೊಡಗಿದರು. ಇಸ್ನಾದ್ ಎಂಬ ವರದಿಗಾರರ ಸರಪಳಿ ಒಂದು ಕಟ್ಟುನಿಟ್ಟಿನ ಶಾಸ್ತ್ರವಾಗಿ ಬೆಳೆದದ್ದು ಹೀಗೆ.

ಒಳ್ಳೆಯ ಉದ್ದೇಶವಿದ್ದರೆ ಸಾಕಲ್ಲವೇ ಎಂಬ ಪ್ರಶ್ನೆಯೂ ಆಗಲೇ ಎದ್ದಿತ್ತು. ಹಿಜ್ರಿ ಎರಡನೇ ಶತಮಾನದಲ್ಲಿ ಮರ್ವ್ ನಗರದಲ್ಲಿ ನೂಹ್ ಬಿನ್ ಅಬೀ ಮರ್ಯಮ್ ಎಂಬ ಖಾಝಿ ಇದ್ದರು. ಹಲವು ವಿದ್ಯೆಗಳನ್ನು ಕೂಡಿಸಿಕೊಂಡವರೆಂದು ಹೆಸರಾದವರು. ಕುರ್‌ಆನಿನ ಒಂದೊಂದು ಸೂರಾದ ಶ್ರೇಷ್ಠತೆಯನ್ನು ಹೇಳುವ ವರದಿಗಳನ್ನು ಅವರು ಪ್ರಚಾರ ಮಾಡಿದರು. ಇವು ಬೇರೆ ಯಾರಿಗೂ ಗೊತ್ತಿಲ್ಲ, ನಿಮಗೆಲ್ಲಿ ಸಿಕ್ಕಿದವು ಎಂದು ಕೇಳಿದಾಗ, ಜನರು ಕುರ್‌ಆನ್ ಬಿಟ್ಟು ಬೇರೆ ವಿಷಯಗಳಲ್ಲಿ ಮುಳುಗಿದ್ದರಿಂದ ಅವರನ್ನು ಮರಳಿ ತರಲು ತಾವೇ ರಚಿಸಿದ್ದಾಗಿ ಹೇಳಿದರೆಂದು ಹದೀಸ್ ಶಾಸ್ತ್ರದ ಗ್ರಂಥಗಳು ದಾಖಲಿಸಿವೆ. ಉದ್ದೇಶ ಕುರ್‌ಆನಿನ ಕಡೆಗೆ ಕರೆಯುವುದೇ ಆಗಿತ್ತು. ಆದರೂ ವಿದ್ವಾಂಸರು ಅವರಿಗೆ ಯಾವ ರಿಯಾಯಿತಿಯನ್ನೂ ಕೊಡಲಿಲ್ಲ. ಕಟ್ಟುಕಥೆ ರಚಿಸಿದವರ ಉದಾಹರಣೆಯಾಗಿಯೇ ಅವರ ಹೆಸರು ಇಂದಿಗೂ ಉಳಿದಿದೆ. ಸಮೀಕ್ಷೆ ಮಾಡದೆಯೇ ಅಂಕಿ ಅಂಶ ತುಂಬಿಸುವ ವಿದ್ಯಾರ್ಥಿ, ತನ್ನ ತೀರ್ಮಾನ ಹೇಗೂ ಸರಿಯಾಗಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡರೆ ಈ ಖಾಝಿಯವರನ್ನು ನೆನೆಯಬೇಕು.

ಇದಕ್ಕಿಂತ ಸೂಕ್ಷ್ಮವಾದ ತಪ್ಪುಗಳಿಗೂ ಹದೀಸ್ ವಿದ್ವಾಂಸರು ಹೆಸರಿಟ್ಟಿದ್ದರು. ಒಬ್ಬರಲ್ಲಿ ಮಾತ್ರ ಇರುವ ವರದಿಯನ್ನು ಎತ್ತಿಕೊಂಡು, ತಾನೂ ಅದನ್ನು ಗುರುಗಳಿಂದ ಕೇಳಿದ್ದೇನೆ ಎಂದು ಹೇಳಿಕೊಳ್ಳುವುದನ್ನು ಅವರು ಹದೀಸ್ ಕಳ್ಳತನ ಎಂದೇ ಕರೆದರು. ಇನ್ನೊಂದು ತದ್ಲೀಸ್. ನೇರವಾಗಿ ಕೇಳಿರದ ಮಾತನ್ನು, ಕೇಳಿದೆ ಎಂಬ ಭಾವನೆ ಬರುವ ಹಾಗೆ ಹೇಳುವುದು. ಇಂಥವರು ನಮಗೆ ಹೇಳಿದರು ಎಂದರೆ ಅದು ಶುದ್ಧ ಸುಳ್ಳು. ಆದ್ದರಿಂದ ಇಂಥವರಿಂದ ಎಂದಷ್ಟೇ ಹೇಳಿ, ನಡುವಿನವನ ಹೆಸರನ್ನು ನುಂಗಿಬಿಡುವುದು. ಸರಕಿನ ದೋಷವನ್ನು ಮುಚ್ಚಿಟ್ಟು ಮಾರುವ ವ್ಯಾಪಾರಿಯ ಕೃತ್ಯಕ್ಕೂ ಫಿಕ್ಹ್‌ನಲ್ಲಿ ಇದೇ ಪದವಿದೆ. ಬಸರಾದ ಶುಅಬಾ ಬಿನ್ ಹಜ್ಜಾಜ್(ರ) ಇದರ ವಿರುದ್ಧ ಬಹಳ ಕಠಿಣವಾಗಿದ್ದರು. ನಂತರ ಹಾಫಿಝ್ ಇಬ್ನು ಹಜರ್(ರ) ತದ್ಲೀಸ್ ಮಾಡಿದವರ ಹೆಸರುಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿ ಪ್ರತ್ಯೇಕ ಗ್ರಂಥವನ್ನೇ ಬರೆದರು.

ವಿದ್ಯಾರ್ಥಿಗಳಿಗೆ ಬರವಣಿಗೆಯ ಶಿಸ್ತೂ ಇತ್ತು. ಹಿಜ್ರಿ ಐದನೇ ಶತಮಾನದ ಖತೀಬ್ ಬಗ್ದಾದಿ(ರ) ಒಂದು ಕ್ರಮವನ್ನು ಸೂಚಿಸಿದ್ದಾರೆ. ಪ್ರತಿ ಹದೀಸಿನ ಕೊನೆಗೆ ಒಂದು ಖಾಲಿ ವೃತ್ತ ಬರೆಯಬೇಕು. ಮೂಲ ಪ್ರತಿಯ ಜೊತೆ ಹೋಲಿಸಿ ನೋಡಿದ ಮೇಲಷ್ಟೇ ಅದರೊಳಗೆ ಚುಕ್ಕೆ ಇಡಬೇಕು. ಚುಕ್ಕೆಯಿಲ್ಲದ ವೃತ್ತ ಕಂಡರೆ, ಇದನ್ನು ಇನ್ನೂ ತಾಳೆ ನೋಡಿಲ್ಲ ಎಂದು ಓದುಗನಿಗೆ ತಿಳಿಯುತ್ತಿತ್ತು. ದಮಾಸ್ಕಸ್‌ನ ದಾರುಲ್ ಹದೀಸ್ ಅಶ್ರಫಿಯ್ಯಾದಲ್ಲಿ ಕಲಿಸುತ್ತಿದ್ದ ಇಬ್ನು ಸ್ಸಲಾಹ್(ರ) ತಮ್ಮ ಪ್ರಸಿದ್ಧ ಗ್ರಂಥದಲ್ಲಿ ನಕಲು ಮಾಡುವ ರೀತಿ, ಗುರುವಿನ ಮರ್ಯಾದೆ, ವಿದ್ಯಾರ್ಥಿಯ ಮರ್ಯಾದೆ ಇವಕ್ಕೆಲ್ಲ ಬೇರೆ ಬೇರೆ ಅಧ್ಯಾಯಗಳನ್ನು ಇಟ್ಟಿದ್ದಾರೆ. ಆ ಕಾಲದ ಹಸ್ತಪ್ರತಿಗಳ ಕೊನೆಯಲ್ಲಿ ಪಾಠಕ್ಕೆ ಕುಳಿತವರ ಪಟ್ಟಿ ಇರುತ್ತಿತ್ತು. ಪೂರ್ತಿ ಕೇಳಿದವರು ಯಾರು, ಯಾರಿಗೆ ಎಷ್ಟು ಭಾಗ ತಪ್ಪಿತು ಎಂಬುದನ್ನೂ ಅದರಲ್ಲಿ ಬರೆಯಲಾಗುತ್ತಿತ್ತು. ಕೆಲಸ ಮಾಡದವರ ಹೆಸರನ್ನು ಲೇಖಕರ ಸಾಲಿಗೆ ಸೇರಿಸುವ ಇಂದಿನ ಪರಿಪಾಠಕ್ಕೆ ಆ ಪಟ್ಟಿಗಳಲ್ಲಿ ಜಾಗ ಸಿಗುತ್ತಿರಲಿಲ್ಲ.

ಈಗ ಕೈರೋಕ್ಕೆ ಬರೋಣ. ಮಮ್ಲೂಕರ ಆಳ್ವಿಕೆಯ ಕೊನೆಯ ದಶಕಗಳು. ನಗರದಲ್ಲಿ ಇಬ್ಬರು ದೊಡ್ಡ ವಿದ್ವಾಂಸರಿದ್ದರು. ಒಬ್ಬರು ಇಮಾಮ್ ಜಲಾಲುದ್ದೀನ್ ಸುಯೂತಿ(ರ). ನಮ್ಮ ದರ್ಸ್‌ಗಳಲ್ಲಿ ಓದುವ ತಫ್ಸೀರ್ ಜಲಾಲೈನಿಯ ಇಬ್ಬರು ಜಲಾಲರಲ್ಲಿ ಒಬ್ಬರು ಇವರೇ. ಇನ್ನೊಬ್ಬರು ಇಮಾಮ್ ಕಸ್ತಲ್ಲಾನಿ(ರ). ಸಹೀಹುಲ್ ಬುಖಾರಿಗೆ ವಿಸ್ತಾರವಾದ ವ್ಯಾಖ್ಯಾನವನ್ನೂ, ಪ್ರವಾದಿ ಚರಿತ್ರೆಯ ಕುರಿತು ಮವಾಹಿಬ್ ಎಂಬ ಗ್ರಂಥವನ್ನೂ ಬರೆದವರು. ಕಸ್ತಲ್ಲಾನಿ ತಮ್ಮ ಗ್ರಂಥಗಳಿಂದ ವಿಷಯ ತೆಗೆದುಕೊಂಡು ಹೆಸರು ಹೇಳುವುದಿಲ್ಲ ಎಂಬುದು ಸುಯೂತಿಯವರ ದೂರಾಗಿತ್ತು. ಈ ದೂರು ಶೈಖುಲ್ ಇಸ್ಲಾಮ್ ಝಕರಿಯ್ಯಾ ಅನ್ಸಾರಿ(ರ) ಅವರ ಮುಂದೆ ಬಂತು.

ದೂರನ್ನು ಸಾಬೀತುಪಡಿಸಿ ಎಂದು ಸುಯೂತಿಯವರಿಗೆ ಹೇಳಲಾಯಿತು. ಕಸ್ತಲ್ಲಾನಿಯವರು ಇಮಾಮ್ ಬೈಹಕಿಯವರಿಂದ ಉಲ್ಲೇಖಿಸಿರುವುದಾಗಿ ಬರೆದಿದ್ದ ಹಲವು ಜಾಗಗಳನ್ನು ಅವರು ಎತ್ತಿ ತೋರಿಸಿದರು. ಬೈಹಕಿ ನಾನೂರಕ್ಕೂ ಹೆಚ್ಚು ವರ್ಷ ಹಿಂದಿನವರು, ಅನೇಕ ಗ್ರಂಥಗಳ ಕರ್ತೃ. ಸುಯೂತಿಯವರು ಕೇಳಿದ್ದು ಇಷ್ಟೇ: ಬೈಹಕಿಯವರ ಯಾವ ಗ್ರಂಥದಲ್ಲಿ ಇದನ್ನು ಕಂಡಿರಿ, ಹೆಸರು ಹೇಳಿ. ತಮ್ಮ ವಾದವನ್ನೂ ಮುಂದಿಟ್ಟರು. ಬೈಹಕಿಯವರ ಮಾತನ್ನು ಹುಡುಕಿ ತೆಗೆದದ್ದು ತಾವು. ಕಸ್ತಲ್ಲಾನಿ ಅದನ್ನು ತಮ್ಮ ಪುಸ್ತಕದಲ್ಲಿ ನೋಡಿ ಹಾಗೆಯೇ ಎತ್ತಿಕೊಂಡಿದ್ದಾರೆ. ಬೈಹಕಿಯವರಿಂದ ಸುಯೂತಿ ಉಲ್ಲೇಖಿಸಿದ್ದಾರೆ ಎಂದು ಬರೆಯುವುದು ಅವರ ಕರ್ತವ್ಯವಾಗಿತ್ತು. ಈ ವೃತ್ತಾಂತವನ್ನು ನಮಗೆ ಉಳಿಸಿಕೊಟ್ಟವರಲ್ಲಿ ಗುಜರಾತಿನ ಅಹಮದಾಬಾದಿನಲ್ಲಿ ನೆಲೆಸಿದ್ದ ಅಬ್ದುಲ್ ಖಾದಿರ್ ಐದರೂಸ್(ರ) ಅವರೂ ಒಬ್ಬರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಸ್ತಲ್ಲಾನಿಯವರ ಪುಟದಲ್ಲಿ ಸುಳ್ಳು ಮಾಹಿತಿ ಇದೆಯೆಂದು ಯಾರೂ ಹೇಳಿರಲಿಲ್ಲ. ಬೈಹಕಿಯವರ ಮಾತನ್ನು ಬೈಹಕಿಯವರ ಹೆಸರಿನಲ್ಲೇ ಕೊಟ್ಟಿದ್ದರು. ಹಾಗಾದರೆ ದೂರು ಯಾವುದರ ಬಗ್ಗೆ? ಆಕರ ಸೂಚನೆ ಎಂಬುದು ಒಂದು ಸಾಕ್ಷ್ಯ. ನಾನು ಇದನ್ನು ಇಲ್ಲಿ ಕಂಡೆ ಎಂದು ಬರಹಗಾರ ಸಾಕ್ಷಿ ನುಡಿಯುತ್ತಾನೆ. ಕಾಣದ ಗ್ರಂಥವನ್ನು ಕಂಡೆನೆಂದರೆ ಮಾಹಿತಿ ನಿಜವಾದರೂ ಸಾಕ್ಷ್ಯ ಸುಳ್ಳಾಗುತ್ತದೆ. ಅದರಿಂದ ಎರಡು ಹಾನಿ. ಹುಡುಕಿ ಬೆವರು ಸುರಿಸಿದವನ ಹಕ್ಕು ಹೋಗುತ್ತದೆ. ಅದಕ್ಕಿಂತ ದೊಡ್ಡದೆಂದರೆ, ನಡುವಿನವನು ನಕಲು ಮಾಡುವಾಗ ಒಂದು ಪದ ತಪ್ಪಿದ್ದರೆ ಆ ತಪ್ಪಿಗೆ ಈಗ ಇಬ್ಬರು ಸಾಕ್ಷಿಗಳು ಸಿಗುತ್ತಾರೆ. ಇಬ್ಬರೂ ಬೈಹಕಿಯವರನ್ನೇ ಓದಿದ್ದಾರೆಂದು ಓದುಗ ನಂಬುತ್ತಾನೆ. ಮೂಲವನ್ನು ನೋಡಿದವನು ಒಬ್ಬನೇ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ.

ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ದೂರು ಕೊಟ್ಟ ಸುಯೂತಿಯವರ ಮೇಲೂ ಇದೇ ಆರೋಪವಿತ್ತು. ಮಹ್ಮೂದಿಯ್ಯಾ ಗ್ರಂಥಾಲಯದ ಹಳೆಯ ಪುಸ್ತಕಗಳಿಂದ ಎತ್ತಿಕೊಂಡು ತಮ್ಮದಾಗಿಸಿಕೊಂಡರೆಂದು ಸಮಕಾಲೀನ ಇತಿಹಾಸಕಾರ ಸಖಾವಿ(ರ) ಬರೆದಿದ್ದಾರೆ. ಸುಯೂತಿಯವರು ಅದನ್ನು ಒಪ್ಪಲಿಲ್ಲ. ದೊಡ್ಡವರ ನಡುವಿನ ಈ ಜಗಳದಲ್ಲಿ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಮೂವರ ಗ್ರಂಥಗಳಿಂದಲೂ ಸಮುದಾಯ ಇಂದಿಗೂ ಪ್ರಯೋಜನ ಪಡೆಯುತ್ತಿದೆ. ನಮಗೆ ಬೇಕಾದುದು ಇಷ್ಟು: ಮೂಲ ಹೇಳದಿರುವುದು ಚಿಕ್ಕ ವಿಷಯವೆಂದು ಅವರಲ್ಲಿ ಯಾರೂ ಭಾವಿಸಿರಲಿಲ್ಲ.

ಅದಕ್ಕೆ ಮಕ್ಕಾದ ಇತಿಹಾಸಕಾರ ಜಾರುಲ್ಲಾ ಬಿನ್ ಫಹದ್ ಹೇಳಿದ ಘಟನೆಯೇ ಸಾಕ್ಷಿ. ಸುಯೂತಿಯವರ ಮನಸ್ಸಿನ ನೋವನ್ನು ತೆಗೆಯಬೇಕೆಂದು ಕಸ್ತಲ್ಲಾನಿಯವರು ಕೈರೋದಿಂದ ನೈಲ್ ನದಿಯ ರೌದಾ ದ್ವೀಪಕ್ಕೆ ನಡೆದುಹೋದರು. ಸುಯೂತಿಯವರ ಮನೆ ಅಲ್ಲಿತ್ತು. ಬಾಗಿಲು ತಟ್ಟಿದರು. ಯಾರೆಂದು ಒಳಗಿನಿಂದ ಧ್ವನಿ ಬಂತು. ತಮ್ಮ ಹೆಸರು ಹೇಳಿ, ಬರಿಗಾಲಲ್ಲಿ, ಬರಿತಲೆಯಲ್ಲಿ ನಿಮ್ಮ ಮನಸ್ಸು ತಿಳಿಯಾಗಲೆಂದು ಬಂದಿದ್ದೇನೆ ಎಂದರು. ತಮ್ಮ ಮನಸ್ಸು ತಿಳಿಯಾಯಿತು ಎಂದು ಸುಯೂತಿ ಒಳಗಿನಿಂದಲೇ ಉತ್ತರಿಸಿದರು. ಆದರೆ ಬಾಗಿಲು ತೆರೆಯಲಿಲ್ಲ, ಮುಖ ತೋರಲಿಲ್ಲ. ಕ್ಷಮೆ ಸಿಕ್ಕಿತು, ಹಳೆಯ ವಿಶ್ವಾಸ ಮರಳಲಿಲ್ಲ.

ಇಂದಿನ ವಿದ್ಯಾರ್ಥಿಗೆ ನಿಯಮಗಳು ಲಿಖಿತವಾಗಿವೆ. ಯುಜಿಸಿಯ 2018ರ ನಿಯಮಾವಳಿಯಂತೆ ಪ್ರಬಂಧದಲ್ಲಿ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. ಶೇ. 10ರಿಂದ 40ರವರೆಗೆ ಇದ್ದರೆ 6 ತಿಂಗಳು ಮೀರದ ಅವಧಿಯೊಳಗೆ ತಿದ್ದಿ ಸಲ್ಲಿಸಬೇಕು. ಶೇ. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಶೇ. 60 ಮೀರಿದರೆ ನೋಂದಣಿಯೇ ರದ್ದು. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಹಳೆಯ ಕಡ್ಡಾಯವನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿತು. ಆದರೂ ಹಣ ಕೊಟ್ಟರೆ ಓದದೆಯೇ ಅಚ್ಚು ಹಾಕುವ ಪತ್ರಿಕೆಗಳು, ದುಡ್ಡಿಗೆ ಪ್ರಬಂಧ ಬರೆದುಕೊಡುವವರು ಇನ್ನೂ ಇದ್ದಾರೆ.

ಕಂಪ್ಯೂಟರ್ ಪದಗಳ ಹೋಲಿಕೆಯನ್ನು ಎಣಿಸುತ್ತದೆ. ವಾಕ್ಯವನ್ನು ತಿರುಚಿ ಬರೆದರೆ ಅದರ ಕಣ್ಣು ತಪ್ಪಿಸಬಹುದು. ಐದು ಪುಸ್ತಕ ಓದಿ, ಅವುಗಳ ಅಡಿಟಿಪ್ಪಣಿಗಳಿಂದ ಐವತ್ತು ಹೆಸರುಗಳನ್ನು ಎತ್ತಿ ಗ್ರಂಥಋಣದಲ್ಲಿ ತುಂಬಿದರೆ ಅದು ಹಿಡಿಯುವುದಿಲ್ಲ. ಕೈರೋದಲ್ಲಿ ಕೇಳಿದ ಪ್ರಶ್ನೆ ಮಾತ್ರ ಅದನ್ನು ಹಿಡಿಯುತ್ತದೆ.

ಆದ್ದರಿಂದ ಪ್ರಿಯ ಓದುಗರೇ, ನಿಮ್ಮ ಮಗ ಅಥವಾ ಮಗಳು ಸಂಶೋಧನೆಯಲ್ಲಿದ್ದರೆ, ಯಾವಾಗ ಮುಗಿಯುತ್ತದೆ, ಯಾವಾಗ ಹೆಸರಿನ ಮುಂದೆ ಡಾಕ್ಟರ್ ಬರುತ್ತದೆ ಎಂದು ಒತ್ತಾಯಿಸಬೇಡಿ. ಆ ಅವಸರವೇ ಅನೇಕರನ್ನು ಅಡ್ಡದಾರಿಗೆ ತಳ್ಳುತ್ತದೆ. ಬರೆದ ಒಂದು ಪುಟವನ್ನು ಮುಂದಿಟ್ಟುಕೊಂಡು, ಇದನ್ನು ಯಾವ ಗ್ರಂಥದಲ್ಲಿ ಕಂಡೆ ಎಂದು ಪ್ರೀತಿಯಿಂದ ಕೇಳಿ. ಮೂಲ ಸಿಗದಿದ್ದರೆ, ಇಂಥವರು ಉಲ್ಲೇಖಿಸಿದಂತೆ ಎಂದು ಬರೆಯಲು ಹೇಳಿ. ಅದರಿಂದ ಯಾವ ಪದವಿಯೂ ಕಳೆದುಹೋಗುವುದಿಲ್ಲ. ಇನ್ನೊಬ್ಬರ ಶ್ರಮವನ್ನು ತನ್ನದೆಂದು ತೋರಿಸಿದರೆ ಅದು ಮನುಷ್ಯರ ಹಕ್ಕಿಗೆ ಸೇರಿದ ವಿಷಯ; ಆ ಮನುಷ್ಯನೇ ಕ್ಷಮಿಸಬೇಕು. ಅವನ ಬಾಗಿಲು ಎಲ್ಲಿದೆಯೆಂದು ಎಷ್ಟೋ ಬಾರಿ ನಮಗೆ ತಿಳಿದೂ ಇರುವುದಿಲ್ಲ.

ಪ್ರಯೋಜನಕಾರಿಯಾದ ವಿದ್ಯೆಯನ್ನೂ, ಅದನ್ನು ಪಡೆದ ದಾರಿಯನ್ನು ಮರೆಮಾಚದ ಮನಸ್ಸನ್ನೂ ಅಲ್ಲಾಹನು ನಮ್ಮ ಮಕ್ಕಳಿಗೆ ಕರುಣಿಸಲಿ. ಆಮೀನ್.