ಗಡಿ ದಾಟಿದ ನೀರು

ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಸುಳ್ಯದ ಮೂಲಕ ಇಳಿದುಬರುವ ಪಯಸ್ವಿನಿ, ರಾಜ್ಯದ ಗಡಿಯನ್ನು ಯಾರಲ್ಲೂ ಕೇಳದೆ ದಾಟಿ, ಚಂದ್ರಗಿರಿ ಹೊಳೆಯೆನಿಸಿ ಕಾಸರಗೋಡಿನ ಬಳಿ ಕಡಲು ಸೇರುತ್ತದೆ. ಗಡಿನಾಡಿನವರಾದ ನಮಗೆ ಇದು ತೀರ ಸಹಜ. ಆದುದರಿಂದಲೇ ಇರಬೇಕು, ಅಮೆರಿಕ-ಮೆಕ್ಸಿಕೊಗಳ ಗಡಿಯಲ್ಲಿ ಕೊಲರಾಡೊ ನದಿ ಬತ್ತಿಹೋದ ಚರಿತ್ರೆ ನನ್ನನ್ನು ಬಹುಕಾಲದಿಂದ ಕಾಡಿದೆ.

ಸುಮಾರು 2,330 ಕಿಲೋಮೀಟರು ಹರಿದು ಕ್ಯಾಲಿಫೋರ್ನಿಯಾ ಕೊಲ್ಲಿಯನ್ನು ಸೇರುತ್ತಿದ್ದ ಈ ನದಿ, ಮರುಭೂಮಿಯ ನಡುವೆ ಹತ್ತಿರ ಹತ್ತಿರ 20 ಲಕ್ಷ ಎಕರೆಯ ನದೀಮುಖಜಭೂಮಿಯನ್ನು ಕಟ್ಟಿತ್ತು. 1922ರಲ್ಲಿ ಅರಣ್ಯಾಧಿಕಾರಿ ಆಲ್ಡೊ ಲಿಯೊಪೋಲ್ಡ್ ತನ್ನ ತಮ್ಮನೊಡನೆ ಇಲ್ಲಿ ದೋಣಿಯಲ್ಲಿ ಅಲೆದಾಡಿದ. ಕವಲೊಡೆದ ಹಸಿರು ನೀರು, ಬೆಳ್ಳಕ್ಕಿಗಳು, ಕಣ್ಣಿಗೆ ಬೀಳದೆ ಸುಳಿದಾಡುವ ಜಾಗ್ವಾರ್ - ಇವನ್ನೆಲ್ಲ ಬರೆದಿಟ್ಟ ಅವನ ಪ್ರಬಂಧ ಪುಸ್ತಕದಲ್ಲಿ ಬಂದುದು ಅವನ ಮರಣಾನಂತರ, 1949ರಲ್ಲಿ. ವಿಚಿತ್ರವೆಂದರೆ ಅದೇ 1922ರ ನವೆಂಬರಿನಲ್ಲಿ ಅಮೆರಿಕದ ಏಳು ರಾಜ್ಯಗಳು ನದಿಯನ್ನು ಹಂಚಿಕೊಂಡವು: ಮೇಲಿನವರಿಗೆ 75 ಲಕ್ಷ ಎಕರೆ-ಅಡಿ, ಕೆಳಗಿನವರಿಗೆ 75 ಲಕ್ಷ. (ಒಂದೆಕರೆಯಲ್ಲಿ ಒಂದಡಿ ಆಳಕ್ಕೆ ನಿಲ್ಲುವ ನೀರೇ ಎಕರೆ-ಅಡಿ.) 1944ರ ಒಡಂಬಡಿಕೆಯಲ್ಲಿ ಮೆಕ್ಸಿಕೊಗೆ 15 ಲಕ್ಷ ದೊರೆಯಿತು. ಮುಖಜಭೂಮಿಯ ಹೆಸರಿನಲ್ಲಿ ಯಾರೂ ಒಂದು ಹನಿಯನ್ನೂ ಬರೆಯಲಿಲ್ಲ.

1935ರಲ್ಲಿ ಹೂವರ್, 1963ರಲ್ಲಿ ಗ್ಲೆನ್ ಕ್ಯಾನಿಯನ್ ಅಣೆಕಟ್ಟುಗಳು ನೀರನ್ನು ತಡೆದವು. ತಪ್ಪನ್ನೆಲ್ಲ ಅಮೆರಿಕದ ತಲೆಗೆ ಕಟ್ಟುವುದೂ ಸಲ್ಲದು. 1950ರಲ್ಲಿ ಗಡಿಯಲ್ಲೇ ಮೊರೆಲೋಸ್ ಅಣೆಕಟ್ಟು ಕಟ್ಟಿ, ಬಂದಷ್ಟು ನೀರನ್ನು ಮೆಹಿಕಾಲಿಯ ಹೊಲಗಳಿಗೆ ತಿರುಗಿಸಿದ್ದು ಮೆಕ್ಸಿಕೊ. ನದಿಯನ್ನೇ ನಂಬಿದ್ದ ಕುಕಪಾ ಜನರ ಪಾಡು ಇನ್ನೂ ಕಷ್ಟದ್ದು. ನೀರು ಹೋದ ಮೇಲೆ, 1993ರಲ್ಲಿ ಅಳಿವೆಯ ಪ್ರದೇಶವು ರಕ್ಷಿತ ಜೀವಗೋಲವೆಂದು ಘೋಷಿತವಾಗಿ, ಅವರ ಮೀನುಗಾರಿಕೆಗೂ ನಿರ್ಬಂಧ ಬಂತು. ನದಿಯನ್ನು ಬತ್ತಿಸಿದವರು ಅವರಲ್ಲವಷ್ಟೆ!

2010ರ ಏಪ್ರಿಲಿನ ಭೂಕಂಪದಲ್ಲಿ ಮೆಹಿಕಾಲಿಯ ಕಾಲುವೆಗಳು ಒಡೆದು, ಮೆಕ್ಸಿಕೊ ತನ್ನ ಪಾಲಿನ ನೀರನ್ನು ಅಮೆರಿಕದ ಜಲಾಶಯದಲ್ಲಿ ಇರಿಸಬೇಕಾಯಿತು. ಆ ಮಾತುಕತೆ ಬೆಳೆದು 2012ರ ಒಪ್ಪಂದವಾಯಿತು. ಅದರಂತೆ 2014ರ ಮಾರ್ಚ್ 23ರಂದು ಮೊರೆಲೋಸಿನ ಬಾಗಿಲುಗಳು ತೆರೆದವು. ಎಂಟು ವಾರಗಳಲ್ಲಿ ಸುಮಾರು 1,05,000 ಎಕರೆ-ಅಡಿ ನೀರು ಹರಿಯಿತು. ಸ್ಯಾನ್ ಲೂಯಿಸ್ ರಿಯೊ ಕೊಲರಾಡೊ ಎಂಬುದು ನದಿಯ ಹೆಸರನ್ನೇ ಹೊತ್ತ ಊರು. ಅಲ್ಲಿನ ಮಕ್ಕಳು ಆ ನದಿಯಲ್ಲಿ ನೀರು ಕಂಡವರಲ್ಲ. ಸೇತುವೆಯ ಕೆಳಗೆ ಊರಿಗೆ ಊರೇ ನೆರೆಯಿತು. ಸಂಗೀತ, ಕುದುರೆ ಸವಾರಿ, ತಿಂಡಿಯ ಅಂಗಡಿಗಳು, ನೀರಾಟ - ನಮ್ಮಲ್ಲಿಯ ಜಾತ್ರೆಯೇ ಸರಿ. ಮೇ 15ರಂದು ನದಿ ಕಡಲನ್ನು ಮುಟ್ಟಿತು.

ಆದರೆ ಬಹುಪಾಲು ನೀರು ಒಣ ಮರಳಿನಲ್ಲಿ ಇಂಗಿಹೋಗಿತ್ತು. 2017ರ ಹೊಸ ಒಪ್ಪಂದವು 2,10,000 ಎಕರೆ-ಅಡಿಯನ್ನು ಮುಖಜಭೂಮಿಗೆಂದೇ ತೆಗೆದಿರಿಸಿತು. ಎರಡು ದೇಶಗಳೂ ಸ್ವಯಂಸೇವಾ ಸಂಸ್ಥೆಗಳೂ ಮೂರನೆಯ ಒಂದೊಂದು ಪಾಲು ಹೊತ್ತವು. 2021ರ ಮೇಯಿಂದ ಅಕ್ಟೋಬರದವರೆಗೆ 35,000 ಎಕರೆ-ಅಡಿ ಬಿಟ್ಟಾಗ, ಇಂಗುವ ಪಾತ್ರವನ್ನು ತಪ್ಪಿಸಿ ನೀರಾವರಿ ಕಾಲುವೆಗಳ ಮೂಲಕ ಸಾಗಿಸಿ, ಕೆಳಗೆ ನದಿಗೆ ಕೂಡಿಸಿದರು. ಲೆಕ್ಕ ಸರಿಯಾಗಿತ್ತು. ಲಗೂನಾ ಗ್ರಾಂದೆ ಮುಂತಾದ ಕಡೆ ಹಳ್ಳಿಯವರೇ ಕೂಲಿ ಪಡೆದು ನೆಟ್ಟ ಕಾಟನ್‌ವುಡ್, ವಿಲೊ, ಮೆಸ್ಕೀಟ್ ಮರಗಳಿಗೆ ನೀರುಂಡಿತು. ಬೀವರುಗಳು ಮರಳಿವೆ, ಹಕ್ಕಿ ನೋಡಲು ಕಾಲುಹಾದಿಗಳಿವೆ, ಶಾಲೆಯ ಮಕ್ಕಳು ಬರುತ್ತಾರೆ. ಬೇಲಿ ಹಾಕಿ ಜನರನ್ನು ಹೊರಗಿಟ್ಟ ರಕ್ಷಣೆಗಿಂತ ಇದು ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಆದರೂ ಸ್ಯಾನ್ ಲೂಯಿಸಿನ ಸೇತುವೆ ಆ ನೀರಿನ ದಾರಿಯಲ್ಲಿರಲಿಲ್ಲ. ಮರಳಿಗಿಳಿದ ನೀರನ್ನು ತಜ್ಞರು ನಷ್ಟವೆಂದು ಬರೆದುಕೊಳ್ಳಬಹುದು. 2014ರಲ್ಲಿ ಅದೇ ಮರಳಿನ ಮೇಲೆ ಒಂದು ಊರು ತನ್ನ ನದಿಯನ್ನು ಕಂಡಿತ್ತು. ಆ ನೋಟಕ್ಕೆಂದು ಒಂದಿಷ್ಟು ಎಕರೆ-ಅಡಿಯನ್ನು ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ. 2017ರ ಒಪ್ಪಂದದ ಅವಧಿ 2026ರವರೆಗೆ ಮಾತ್ರ.