ಸರ್ಪಗಂಧಿಯ ಬೇರು, ಕಾಣದ ಕಾಯಿಲೆ

ನಮ್ಮಜ್ಜ ಸಾಗರ ಸೀಮೆಯ ನಾಟಿ ವೈದ್ಯರು. ಅಟ್ಟದ ಕೆಳಗೆ ತೂಗುತ್ತಿದ್ದ ಬಟ್ಟೆಗಂಟಿನಲ್ಲಿ ಸರ್ಪಗಂಧಿಯ ಬೇರು ಸದಾ ಇರುತ್ತಿತ್ತು. ಹಾವಿನಂತೆ ಅಂಕುಡೊಂಕು, ನಾಲಿಗೆಗೆ ತಾಗಿದರೆ ಬಹಳ ಹೊತ್ತು ಬಿಡದ ಕಹಿ. ನಿದ್ದೆ ಬಾರದವರಿಗೆ, ಬುದ್ಧಿ ಕೆಟ್ಟು ಕೂಗಾಡುವವರಿಗೆ ಅದನ್ನು ಕಲ್ಲಿನ ಮೇಲೆ ತೇದು ಹಾಲಿನಲ್ಲಿ ಕೊಡುತ್ತಿದ್ದರು. ಹೃದಯದ ಮಾತನ್ನು ಅವರು ಎತ್ತಿದ್ದೇ ಇಲ್ಲ. ಒಂದು ಬೆಳಗ್ಗೆ ಲಕ್ವ ಹೊಡೆದು ಮಾತು ನಿಂತಿತು. ಎಂಟನೆಯ ದಿನ ತೀರಿಕೊಂಡರು. ಬೇರಿನ ಗಂಟು ತಲೆಯ ಮೇಲೇ ತೂಗುತ್ತಿತ್ತು.

ಮುಂದೆ ನಾನು ಫಾರ್ಮಸಿ ಓದಿ, ಅದನ್ನೇ ಮೂವತ್ತು ವರ್ಷ ಪಾಠ ಹೇಳಿದೆ. ಸರ್ಪಗಂಧಿಯ ಪಾಠ ಬಂದಾಗಲೆಲ್ಲ ಆ ಗಂಟು ಕಣ್ಣ ಮುಂದೆ ಬರುತ್ತಿತ್ತು. ಹುಚ್ಚು ಕಣ್ಣಿಗೆ ಕಾಣುತ್ತದೆ, ಹಾವು ಕಚ್ಚಿದ್ದೂ ಕಾಣುತ್ತದೆ. ಲಕ್ವ ತರುವ ರಕ್ತದೊತ್ತಡ ಕಾಣುವುದಿಲ್ಲ. ತೋಳಿಗೆ ಪಟ್ಟಿ ಕಟ್ಟಿ ಪಾದರಸ ಏರಿಸಿ ನೋಡುವವರೆಗೂ ಅಂಥದೊಂದು ಕಾಯಿಲೆ ಇದೆ ಎಂದೇ ಅಜ್ಜನಂಥವರಿಗೆ ಗೊತ್ತಾಗುವಂತಿರಲಿಲ್ಲ.

ಅಳೆದು ನೋಡಿದವರು ನಮ್ಮವರೇ. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಈ ಬೇರು ಹುಚ್ಚನ್ನು ಶಮನ ಮಾಡುವುದರ ಜೊತೆಗೆ ರಕ್ತದೊತ್ತಡವನ್ನೂ ಇಳಿಸುತ್ತದೆಂದು ಬರೆದರು. ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ರಫತ್ ಹುಸೇನ್ ಸಿದ್ದಿಕಿ ಬೇರಿನಿಂದ ಕ್ಷಾರಾಂಶಗಳನ್ನು ಬೇರ್ಪಡಿಸಿ, ಒಂದಕ್ಕೆ ಕಾಲೇಜಿನ ಸ್ಥಾಪಕ ಹಕೀಮ್ ಅಜ್ಮಲ್ ಖಾನರ ನೆನಪಿನಲ್ಲಿ ಅಜ್ಮಲಿನ್ ಎಂದು ಹೆಸರಿಟ್ಟರು. ಹೃದಯದ ಬಡಿತದಲ್ಲಿ ಅಡಗಿರುವ ಬ್ರುಗಾಡಾ ದೋಷವನ್ನು ಇಸಿಜಿಯಲ್ಲಿ ಹೊರಗೆಳೆಯಲು ಅಜ್ಮಲಿನ್ ಇಂದಿಗೂ ಬಳಕೆಯಲ್ಲಿದೆ.

ಆದರೂ ಹೊರಗಿನವರು ಕಿವಿಗೊಟ್ಟಿದ್ದು 1949ರಲ್ಲಿ. ಮುಂಬೈಯ ಹೃದ್ರೋಗ ವೈದ್ಯ ರುಸ್ತುಂ ಜಾಲ್ ವಕೀಲ್ ಈ ಬೇರನ್ನು ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು, ಫಲವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಬೋಸ್ಟನ್ನಿನ ರಾಬರ್ಟ್ ವಿಲ್ಕಿನ್ಸ್ ಬೇರನ್ನು ತಮ್ಮ ರೋಗಿಗಳ ಮೇಲೆ ಪ್ರಯೋಗಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಇದೇ ಬೇರಿನಿಂದ ರಿಸರ್ಪಿನ್ ಎಂಬ ಕ್ಷಾರಾಂಶವನ್ನು ಬೇರ್ಪಡಿಸಿದರು. ನರದ ತುದಿಯಲ್ಲಿ ನಾರ್ ಅಡ್ರಿನಲಿನ್ ತುಂಬಿಡುವ ಪುಟ್ಟ ಚೀಲಗಳಿರುತ್ತವೆ. ರಿಸರ್ಪಿನ್ ಅವು ತುಂಬದಂತೆ ತಡೆಯುತ್ತದೆ. ಬಿಗಿದ ರಕ್ತನಾಳ ಸಡಿಲವಾಗುತ್ತದೆ, ಬಡಿತ ನಿಧಾನವಾಗುತ್ತದೆ.

ನನ್ನ ಮಟ್ಟಿಗೆ ಇಡೀ ಕಥೆಯ ಜೀವ ಇರುವುದು 1967ರಲ್ಲಿ. ಒತ್ತಡ ಇಳಿಸಿದರೆ ಜೀವ ಉಳಿಯುತ್ತದೆಯೇ ಎಂಬುದೇ ಆವರೆಗೆ ವೈದ್ಯರ ನಡುವೆ ತೀರ್ಮಾನವಾಗಿರಲಿಲ್ಲ. ಅಮೆರಿಕದ ಎಡ್ವರ್ಡ್ ಫ್ರೈಸ್ ಮತ್ತು ಸಂಗಡಿಗರು 143 ಮಾಜಿ ಸೈನಿಕರನ್ನು ತೆಗೆದುಕೊಂಡರು. ಕೆಳಗಿನ ಒತ್ತಡ 115ರಿಂದ 129 ಇದ್ದವರು. 73 ಜನರಿಗೆ ರಿಸರ್ಪಿನ್ ಸೇರಿ ಮೂರು ಔಷಧ, 70 ಜನರಿಗೆ ಬರೀ ಹುಸಿಮಾತ್ರೆ. ಹುಸಿಮಾತ್ರೆಯವರಲ್ಲಿ 27 ಮಂದಿಗೆ ಗಂಭೀರ ಆಘಾತ, ಔಷಧದವರಲ್ಲಿ ಇಬ್ಬರಿಗೆ. ತರಗತಿಯಲ್ಲಿ ಈ ಎರಡು ಅಂಕಿ ಬರೆದ ಮೇಲೆ ಸ್ವಲ್ಪ ಹೊತ್ತು ಬೋರ್ಡಿನ ಕಡೆಗೇ ಮುಖ ಮಾಡಿ ನಿಲ್ಲುತ್ತಿದ್ದೆ.

ಮನೆಯಲ್ಲೇ ಬೇರು ತೇದು ಕುಡಿಯಿರಿ ಎಂದು ಯಾರಿಗೂ ಹೇಳಲಾರೆ. ರಿಸರ್ಪಿನ್ನಿನ ಪ್ರಮಾಣ ದಿನಕ್ಕೆ ಕಾಲು ಮಿಲಿಗ್ರಾಂ ಆಸುಪಾಸು. ಹೆಚ್ಚಾದರೆ ಮನಸ್ಸು ಕುಸಿಯುತ್ತದೆ, ಬಡಿತ ತೀರಾ ಇಳಿಯುತ್ತದೆ. ಒಳ್ಳೆಯ ಔಷಧಗಳು ಬಂದ ಮೇಲೆ ಅದು ಹಿಂದೆ ಸರಿದದ್ದು ಸರಿಯೇ.

ಗಿಡಕ್ಕೆ ಮಾತ್ರ ಆದದ್ದು ಅನ್ಯಾಯ. ಬೇಕಾದ್ದು ಬೇರು, ಕಿತ್ತರೆ ಗಿಡವೇ ಹೋಯಿತು. ಬೇಡಿಕೆ ಏರಿದ ವರ್ಷಗಳಲ್ಲಿ ಕಾಡು ಬರಿದಾಯಿತು. 1990ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ನಿರ್ಬಂಧ ಬಂತು. ಅಜ್ಜ ಹಣ್ಣು ಕಪ್ಪಗಾಗುವವರೆಗೆ ಕಾದು, ಬೇರು ಅಗೆದ ಗುಂಡಿಗೇ ಬೀಜ ಹಾಕಿ ಕಾಲಿನಿಂದ ಮಣ್ಣು ಮುಚ್ಚುತ್ತಿದ್ದರು. ಇದರ ಬೀಜ ಮೊಳೆಯುವುದೇ ಕಡಿಮೆ. ಹೋದ ಮಳೆಗಾಲ ಹಿತ್ತಲಿನಲ್ಲಿ ನಲವತ್ತು ಬೀಜ ಊರಿದೆ, ಹನ್ನೊಂದು ಮೊಳೆತವು.